ಫಲಿತಾಂಶ ಗೊತ್ತಿದ್ದೂ ಮತವೇಕೆ?

ಪ್ರಶ್ನೆ: ಲೋಕಸಭೆಯ ಸ್ಪೀಕರ್ ಯಾರಾಗುತ್ತಾರೆಂದು ಮೊದಲೇ ತಿಳಿದಿರುತ್ತದೆ. ಆದರೂ ಚುನಾವಣೆಯ ಶಾಸ್ತ್ರ ಏಕೆ?

ಉತ್ತರ: ಬಹುಮಟ್ಟಿಗೆ ಅದು ಶಾಸ್ತ್ರವೇ, ಒಪ್ಪೋಣ. 2024ರ ಜೂನ್ 26ರಂದು ವಿರೋಧ ಪಕ್ಷಗಳು ಕೆ. ಸುರೇಶ್ ಅವರನ್ನು ಕಣಕ್ಕಿಳಿಸಿದ್ದರೂ ಓಂ ಬಿರ್ಲಾ ಧ್ವನಿಮತದಲ್ಲೇ ಆಯ್ಕೆಯಾದರು, ಎಣಿಕೆ ನಡೆಯಲಿಲ್ಲ. ಪ್ರಸ್ತಾವಗಳನ್ನು ಮಂಡನೆಯಾದ ಕ್ರಮದಲ್ಲೇ ಮತಕ್ಕೆ ಹಾಕುತ್ತಾರೆ, ಒಂದು ಅಂಗೀಕಾರವಾದರೆ ಉಳಿದವಕ್ಕೆ ಸರದಿಯೇ ಬರುವುದಿಲ್ಲ. ಎದುರಾಳಿಯ ಹೆಸರು ಮತಕ್ಕೇ ಬಾರದೆ ಹೋಗಬಹುದು! ಆಮೇಲೆ ಪ್ರಧಾನಿಯೂ ವಿರೋಧ ಪಕ್ಷದ ನಾಯಕರೂ ಸೇರಿ ಹೊಸ ಸ್ಪೀಕರರನ್ನು ಪೀಠಕ್ಕೆ ಕರೆದೊಯ್ಯುತ್ತಾರೆ. ನನ್ನ ಪ್ರಕಾರ ಇಡೀ ಕಲಾಪದ ತಿರುಳು ಇಲ್ಲಿದೆ. ನಾಳೆ ತನ್ನ ಮೈಕ್ ನಿಲ್ಲಿಸಬಲ್ಲ, ತನ್ನನ್ನು ಅಮಾನತಿಗೆ ಹೆಸರಿಸಬಲ್ಲ ವ್ಯಕ್ತಿಯ ಅಧಿಕಾರವನ್ನು ಸೋತ ಪಕ್ಷವೂ ಎಲ್ಲರೆದುರು ಒಪ್ಪಿಕೊಳ್ಳುತ್ತದೆ.

ಸೋಲು ಖಚಿತವಿದ್ದಾಗ ಸ್ಪರ್ಧೆ ಬರೀ ಕಾಲಹರಣವಲ್ಲವೇ ಎನ್ನಬಹುದು. 1952ರ ಸ್ಪೀಕರ್ ಚುನಾವಣೆಯಲ್ಲಿ ಮಾವಳಂಕರ್ 394 ಮತ ಪಡೆದರೆ ಶಂಕರ ಶಾಂತಾರಾಮ ಮೋರೆ ಅವರಿಗೆ ಸಿಕ್ಕಿದ್ದು 55. ತುರ್ತು ಪರಿಸ್ಥಿತಿಯ ನಡುವೆ, 1976ರಲ್ಲಿ, ನಮ್ಮ ನರಗುಂದದ ಜಗನ್ನಾಥರಾವ್ ಜೋಶಿಯವರ ಪರ ಬಿದ್ದದ್ದು 58 ಮತ. ಬಲಿರಾಂ ಭಗತ್ ಅವರಿಗೆ 344. ಬಾಯಿ ಮುಚ್ಚಿಸಿದ್ದ ಕಾಲದಲ್ಲೂ ಅಸಮ್ಮತಿ ಅಂಕಿಯಾಗಿ ಕಡತ ಸೇರಿತು. ಅವಿರೋಧ ಆಯ್ಕೆಯಾಗಿದ್ದರೆ ಅದು ಉಳಿಯುತ್ತಿರಲಿಲ್ಲ. ಶಾಸ್ತ್ರವನ್ನೇ ಬಿಟ್ಟರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ: ಸಂವಿಧಾನದ 93ನೇ ವಿಧಿ ಡೆಪ್ಯುಟಿ ಸ್ಪೀಕರರನ್ನೂ ಆರಿಸಬೇಕೆನ್ನುತ್ತದೆ, ಆದರೆ 2019ರಿಂದ 2024ರವರೆಗಿನ 17ನೇ ಲೋಕಸಭೆ ಆ ಮತದಾನವನ್ನು ನಡೆಸಲೇ ಇಲ್ಲ. ಅವಧಿ ಮುಗಿಯುವವರೆಗೂ ಆ ಸ್ಥಾನ ಖಾಲಿಯೇ ಇತ್ತು.