ಕಾಲೇಜಿಗೆ ಹೊರಟ ಮಕ್ಕಳು, ನಾಟಿಗೆ ಬಂದ ಸಸಿ



ಮೆಣಸಿನ ಸಸಿಯನ್ನು ಮಡಿಯಿಂದ ಕೀಳುವ ವಾರದ ಮೊದಲೇ ನೀವು ನೀರು ಕಡಿಮೆ ಮಾಡುತ್ತೀರಿ, ಸಸಿ ಗಟ್ಟಿಯಾಗಲೆಂದು. ಆದರೆ ಹೊಲದಲ್ಲಿ ನಾಟಿದ ಮೇಲೆ ಅದನ್ನು ಮರೆಯುವುದಿಲ್ಲ. ನೀರು ಕೊಟ್ಟು, ಬೇರು ಹಿಡಿಯಿತೇ ಎಂದು ನೋಡುತ್ತೀರಿ. ಮದ್ದಿಕೇರದಿಂದ ಆದೋನಿ, ಕರ್ನೂಲಿನ ಕಾಲೇಜುಗಳಿಗೆ ಹೋಗುವ ಮಕ್ಕಳಿಗೂ ಇದೇ ಕ್ರಮ ಒಳ್ಳೆಯದು.

ಹಾಸ್ಟೆಲ್ ಸೇರುವ ಮೊದಲೇ ಬ್ಯಾಂಕಿನ ಕೆಲಸ, ಬಟ್ಟೆ ಒಗೆಯುವುದು, ಜ್ವರ ಬಂದರೆ ಡಾಕ್ಟರ ಬಳಿ ಹೋಗುವುದು ಇವನ್ನೆಲ್ಲ ಅವರೇ ಮಾಡಲಿ. ತಿಂಗಳ ಖರ್ಚನ್ನು ಒಮ್ಮೆಗೇ ಕೊಟ್ಟು, ಕೊನೆಗೆ ಲೆಕ್ಕವನ್ನು ಜೊತೆಯಲ್ಲಿ ಕುಳಿತು ನೋಡಿರಿ. ಗಳಿಗೆಗೊಮ್ಮೆ ಫೋನ್ ಮಾಡಿ ವಿಚಾರಿಸಿದರೆ ಮಕ್ಕಳು ಸುಳ್ಳು ಹೇಳಲು ಕಲಿಯುತ್ತಾರೆ. ವಾರಕ್ಕೆ ಎರಡು ಮೂರು ಸಲ, ಗೊತ್ತಾದ ಹೊತ್ತಿಗೆ ಸಮಾಧಾನದಿಂದ ಮಾತಾಡಿದರೆ ಸಾಕು.

"ಮಳೆ ಇಲ್ಲದಿದ್ದರೂ ಸಾಲ ಮಾಡಿ ಫೀಸು ಕಟ್ಟಿದ್ದೇವೆ" ಎಂದು ಪದೇ ಪದೇ ಹೇಳಬೇಡಿರಿ. ಹೀಗೆ ಕೇಳಿಸಿಕೊಂಡ ಮಗು ನಪಾಸಾದರೆ ಮನೆಗೆ ತಿಳಿಸಲು ಹೆದರಿ ಒಳಗೇ ಕೊರಗುತ್ತದೆ. ಊಟ, ನಿದ್ದೆ, ಮಾತು ಕಡಿಮೆಯಾದದ್ದು ಕಂಡರೆ ಮಾತ್ರ ತಡಮಾಡದೆ ಹೋಗಿ ನೋಡಿರಿ.

ಆಂಧ್ರ ಪ್ರದೇಶದಲ್ಲಿ 1997ರ ಕಾಯ್ದೆಯಂತೆ ರ‍್ಯಾಗಿಂಗ್ ಅಪರಾಧ. ಯುಜಿಸಿಯ 2009ರ ನಿಯಮದಂತೆ ರ‍್ಯಾಗಿಂಗ್ ವಿರುದ್ಧ ವಿದ್ಯಾರ್ಥಿಯೂ ತಂದೆತಾಯಿಯೂ ಮುಚ್ಚಳಿಕೆ ಬರೆದುಕೊಡಬೇಕು. ಸಹಿ ಹಾಕುವ ಮೊದಲು ಮಕ್ಕಳೊಂದಿಗೆ ಅದನ್ನು ಓದಿರಿ. ರ‍್ಯಾಗಿಂಗ್ ದೂರಿಗೆ 1800-180-5522, ಮನಸ್ಸು ಕುಗ್ಗಿದಾಗ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416, ಈ ಎರಡು ನಂಬರುಗಳನ್ನು ಮಕ್ಕಳ ಪುಸ್ತಕದಲ್ಲಿಯೂ ನಿಮ್ಮ ಗೋಡೆಯ ಮೇಲೂ ಬರೆದಿಡಿರಿ. "ಏನೇ ಆದರೂ ಮನೆಗೆ ಬಾ" ಎಂಬ ಮಾತನ್ನೂ ಹೇಳಿ ಕಳುಹಿಸಿರಿ.