ಹಿತ್ತಲಲ್ಲಿ ಕೊತ್ತಂಬರಿ ಸೊಪ್ಪು

ನಮ್ಮ ಕಡೆಯ ಮನೆಗಳಲ್ಲಿ ಬಸಳೆಗೆ, ಹರಿವೆಗೆ, ಕೆಸುವಿಗೆ ಬರವಿಲ್ಲ. ಕೊತ್ತಂಬರಿ ಸೊಪ್ಪು ಮಾತ್ರ ಸಂತೆಯಿಂದಲೇ ಬರಬೇಕು. ಭಾನುವಾರ ತಂದ ಕಟ್ಟು ಬುಧವಾರಕ್ಕೆ ಹಳದಿಯಾಗುತ್ತದೆ. "ನಮ್ಮ ಮಣ್ಣಿಗೆ ಅದು ಹಿಡಿಸುವುದಿಲ್ಲ" ಎಂಬ ಮಾತನ್ನು ಸಂಘದ ಕಚೇರಿಯಲ್ಲಿ ಸದಸ್ಯರ ಬಾಯಿಂದ ನಾವು ಎಷ್ಟೋ ಸಲ ಕೇಳಿದ್ದೇವೆ. ಮಣ್ಣಿನ ಪಾಲು ಇದರಲ್ಲಿ ಸ್ವಲ್ಪ ಉಂಟು. ಆದರೆ ಹೆಚ್ಚಿನ ಮನೆಗಳಲ್ಲಿ ಬೆಳೆ ಕೆಡುವುದು ಬಿತ್ತುವ ತಿಂಗಳಿನಿಂದ ಮತ್ತು ಮಡಿ ಮಾಡುವ ಜಾಗದಿಂದ.

ಕೊತ್ತಂಬರಿ ತಂಪು ಹವೆಯ, ಹದವಾದ ತೇವದ ಗಿಡ. ಸೌತೆ, ಹೀರೆಗಳ ಜೊತೆ ಜೂನ್ ತಿಂಗಳಲ್ಲೇ ಬಿತ್ತಿದರೆ ಮಲೆನಾಡಿನ ಮಳೆಗೆ ಸಸಿಯ ಬುಡ ಕೊಳೆತು ಮಲಗುತ್ತದೆ. ಏಪ್ರಿಲ್‌ನಲ್ಲಿ ಬಿತ್ತಿದರೆ ಬಿಸಿಲಿನ ಝಳಕ್ಕೆ ನಾಲ್ಕೆಲೆ ಬಿಡುವಷ್ಟರಲ್ಲಿ ದಂಟು ಎದ್ದು ಹೂವಾಗುತ್ತದೆ. ನಮಗೆ ಒದಗುವ ಕಾಲವೆಂದರೆ ಅಕ್ಟೋಬರ್‌ನಲ್ಲಿ ಮಳೆ ಹಿಂದೆಗೆದಾಗಿನಿಂದ ಜನವರಿ ಕೊನೆಯವರೆಗೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಮೈಮೇಲೆ ಬರುವ ಕಾಲವೂ ಅದೇ. ಹಿತ್ತಲಿನ ಕಡೆ ಆಗ ಯಾರ ಗಮನವೂ ಇರುವುದಿಲ್ಲ. ಆದುದರಿಂದಲೇ ಮಡಿ ಚಿಕ್ಕದಿರಲಿ, 10 ಅಡಿ ಉದ್ದ, 3 ಅಡಿ ಅಗಲ ಸಾಕು.

ಜಾಗದ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ನೀರು ಸುಲಭವೆಂದು ಅಡಿಕೆ ಸಾಲಿನ ನಡುವೆಯೋ ಕಾಫಿ ಗಿಡದ ಅಂಚಿನಲ್ಲೋ ಮಡಿ ಮಾಡುವವರಿದ್ದಾರೆ. ನೆರಳಿನಲ್ಲಿ ಗಿಡ ನೀಳವಾಗಿ ಬಡಕಲಾಗುತ್ತದೆ, ಅದು ಹೋಗಲಿ. ಮಳೆಗಾಲ ಮುಗಿದೊಡನೆ ಕಾಫಿಯ ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅರೇಬಿಕಾ ತೋಟವಾದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಿಳಿ ಕಾಂಡ ಕೊರಕ ಹಾರುವ ಕಾಲವೆಂದು ಕಾಂಡಕ್ಕೆ ಕೀಟನಾಶಕವನ್ನೂ ಹಾಕುತ್ತೇವೆ. ಕೊತ್ತಂಬರಿ ಮಡಿಯಲ್ಲಿರುವುದು ಅದೇ ದಿನಗಳಲ್ಲಿ. ಉಳಿದ ಸೊಪ್ಪನ್ನು ಬೇಯಿಸಿ ತಿನ್ನುತ್ತೇವೆ. ಇದನ್ನು ಕೋಸಂಬರಿಗೆ, ಚಟ್ನಿಗೆ, ಸಾರಿನ ಮೇಲಕ್ಕೆ ಹಸಿಯಾಗಿಯೇ ಹಾಕುತ್ತೇವೆ. ತೊಳೆದರೆ ಎಲ್ಲವೂ ಹೋಗುತ್ತದೆಂದು ನಂಬುವಂತಿಲ್ಲ. ಆದುದರಿಂದ ಮಡಿ ಮನೆಯ ಹತ್ತಿರ, ಬಿಸಿಲು ಬೀಳುವಲ್ಲಿ, ತೋಟದಿಂದ ಗಾಳಿ ಬೀಸದ ಬದಿಯಲ್ಲಿರಲಿ. ಸಿಂಪಡಿಸುವ ಯಂತ್ರ ತೊಳೆದ ನೀರು ಆ ಕಡೆ ಹರಿಯಕೂಡದು. ಬಾವಿಕಟ್ಟೆಯ ಬಳಿ ಯಂತ್ರ ತೊಳೆಯುವ ಅಭ್ಯಾಸವನ್ನಂತೂ ಬಿಡಲೇಬೇಕು.

ನಮ್ಮ ಮಣ್ಣು ಹುಳಿ ಮಣ್ಣು. ತೋಟಕ್ಕೆ ಹಾಕುವ ಕೃಷಿ ಸುಣ್ಣವನ್ನು ಒಂದೆರಡು ಹಿಡಿಯಷ್ಟು 2-3 ವಾರ ಮೊದಲೇ ಮಡಿಗೆ ಬೆರೆಸಿಟ್ಟರೆ ಒಳ್ಳೆಯದು. ಬಿತ್ತುವ ಮುನ್ನ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ ಹಾಕಿ, ಮಡಿಯನ್ನು ಗೇಣುದ್ದ ಎತ್ತರಿಸಿ. ಹಸಿ ಸೆಗಣಿ ನೀರನ್ನು ಈ ಸೊಪ್ಪಿಗೆ ಎರೆಯುವುದು ಬೇಡ.

ಇನ್ನು ಬೀಜ. ನಾವು ಬೀಜವೆಂದು ಕರೆಯುವ ಗುಂಡುಕಾಳು ನಿಜವಾಗಿ ಒಂದು ಕಾಯಿ. ಅದರಲ್ಲಿ ಎರಡು ಹೋಳು, ಹೋಳಿಗೊಂದು ಬೀಜ. ಇಡಿಯಾಗಿ ಬಿತ್ತಿದರೂ ಹುಟ್ಟುತ್ತದೆ, ಆದರೆ ತಡ, ಒಂದೇ ಕಡೆ ಎರಡು ಸಸಿ. ಗೋಣಿಯ ಮೇಲೆ ಹರಡಿ ಅಂಗೈಯಿಂದಲೋ ಹಲಗೆಯಿಂದಲೋ ಹಗುರವಾಗಿ ಉಜ್ಜಿದರೆ ಹೋಳು ಬೇರೆಯಾಗುತ್ತದೆ. ಒರಳಿಗೆ ಹಾಕಿ ಕುಟ್ಟಿದರೆ ಸಾರಿನ ಪುಡಿಯಾದೀತು! ಬಳಿಕ ಒಂದು ರಾತ್ರಿ ನೆನೆಸಿ, ಬಟ್ಟೆಯ ಮೇಲೆ ಆರಿಸಿ ಬಿತ್ತಿ. ಅಂಗಡಿಯ ಅಡುಗೆ ಕೊತ್ತಂಬರಿ ಕಾಳೂ ಆಗುತ್ತದೆ, ಆದರೆ ಹಳೆಯ ಕಾಳಾದರೆ ಶ್ರಮ ವ್ಯರ್ಥ. 50 ಹೋಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎರಡು ವಾರದೊಳಗೆ ಎಷ್ಟು ಮೊಳೆತವೆಂದು ಎಣಿಸಿ. ಅರ್ಧಕ್ಕಿಂತ ಕಡಿಮೆಯಾದರೆ ಬೇರೆ ಬೀಜ ತನ್ನಿ. ಸೊಪ್ಪಿಗೆಂದೇ, ಮತ್ತೆ ಮತ್ತೆ ಕೊಯ್ಯಲು ಬರುವಂತೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಇಶಾ ಎಂಬ ತಳಿಯನ್ನು ಬಿಡುಗಡೆ ಮಾಡಿದೆ. ಪೊಟ್ಟಣದ ಬೀಜಕ್ಕೆ ಔಷಧ ಸವರಿರುವುದುಂಟು. ಉಳಿದದ್ದನ್ನು ಯಾರೂ ಅಡುಗೆಮನೆಯ ಡಬ್ಬಿಗೆ ಹಾಕದಂತೆ ನೋಡಿಕೊಳ್ಳಿ.

ಮಡಿಯನ್ನು ಮೂರು ಪಾಲು ಮಾಡಿ, 15 ದಿನಕ್ಕೊಂದು ಪಾಲು ಬಿತ್ತಿ. ಪಾಲಿಗೆ ಎರಡು ಚಮಚ ಬೀಜ ಸಾಕು. ಎಲ್ಲವನ್ನೂ ಒಮ್ಮೆಗೇ ಬಿತ್ತಿದವರು ಹತ್ತು ದಿನ ಊರಿಗೆಲ್ಲ ಹಂಚಿ ಆಮೇಲೆ ಸಂತೆಗೆ ಹೋಗುತ್ತಾರೆ. ಅರ್ಧ ಇಂಚು ಆಳದ ಗೀರು, ಗೀರಿನಿಂದ ಗೀರಿಗೆ 8 ಇಂಚು. ಮೇಲೆ ಅಡಿಕೆ ಸೋಗೆ ಮುಚ್ಚಿದರೆ ತೇವ ನಿಲ್ಲುತ್ತದೆ, ಕೋಳಿ ಕೆದಕುವುದಿಲ್ಲ. 8ರಿಂದ 15 ದಿನದಲ್ಲಿ ಮೊಳಕೆ ಕಂಡ ಕೂಡಲೇ ಸೋಗೆ ತೆಗೆಯಿರಿ. ಒತ್ತಾದ ಸಸಿಗಳನ್ನು ಕಿತ್ತು ಬೇರೆಡೆ ನೆಡಲು ಹೋಗಬೇಡಿ. ಇದು ತಾಯಿಬೇರಿನ ಗಿಡ, ಬೇರು ಅಲುಗಿದರೆ ಬೇಗ ಹೂವಿಗೆ ಹೋಗುತ್ತದೆ. ಕಿತ್ತ ಎಳೆಯ ಸಸಿ ಸಾರಿಗಾಯಿತು. ನೀರು ಬೆಳಿಗ್ಗೆ, ಬುಡಕ್ಕೆ.

35ರಿಂದ 45 ದಿನಕ್ಕೆ ಸೊಪ್ಪು ಕೈಗೆ ಬರುತ್ತದೆ. ಬುಡಸಹಿತ ಕೀಳದೆ ಹೊರಗಿನ ಎಲೆಗಳನ್ನು ಮೊದಲು ಕೊಯ್ದರೆ ಒಂದೇ ಗಿಡ ಎರಡು ಮೂರು ಸಲ ಕೊಡುತ್ತದೆ. ಮೊದಲ ಪಾಲಿನ ನಾಲ್ಕೈದು ಒಳ್ಳೆಯ ಗಿಡಗಳನ್ನು ಹೂವಿಗೆ ಬಿಡಿ. ಏಪ್ರಿಲ್ ಮಳೆಗೆ ಮೊದಲು ಕಾಯಿ ಕಂದಿದಾಗ ಕೊಯ್ದು ನೆರಳಿನಲ್ಲಿ ಒಣಗಿಸಿದರೆ ಮುಂದಿನ ವರ್ಷಕ್ಕೆ ಬೀಜವಾಯಿತು.

ಮಳೆಗಾಲಕ್ಕೆ ಏನು ಮಾಡುವುದೆಂದು ಗೃಹಿಣಿಯರು ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಜವಾದ ಕೊತ್ತಂಬರಿಯ ಹಟ ಬಿಟ್ಟು, ಉದ್ದೆಲೆಯ, ಅಂಚಿನಲ್ಲಿ ಮುಳ್ಳಿರುವ ಕಾಡು ಕೊತ್ತಂಬರಿಯನ್ನು ನೆಟ್ಟುಕೊಳ್ಳುವುದು ಲೇಸು. ಆಫ್ರಿಕನ್ ಕೊತ್ತಂಬರಿ ಎಂದು ಕರೆದರೂ ಇದರ ಮೂಲ ಅಮೆರಿಕದ ಉಷ್ಣ ಪ್ರದೇಶ. ನೆರಳು, ಜೌಗು ಎರಡನ್ನೂ ಸಹಿಸುತ್ತದೆ. ವಾಸನೆ ಖಾರ, ಸೊಪ್ಪಿನ ಕಾಲು ಭಾಗ ಹಾಕಿದರೂ ಸಾಕಾಗುತ್ತದೆ. ಸಸಿ ನೆರೆಮನೆಯ ಹಿತ್ತಲಲ್ಲೇ ಸಿಗಬಹುದು. ನಡುವೆ ಏಳುವ ಮುಳ್ಳಿನ ಹೂದಂಟನ್ನು ಚಿವುಟುತ್ತಿದ್ದರೆ ಎಲೆ ಬರುತ್ತಲೇ ಇರುತ್ತದೆ.