ಗ್ಯಾದರಿಂಗ್‌ಗೆ ಮೊದಲಿನ ಶನಿವಾರಗಳು

ದಾವಣಗೆರೆ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ‘ಗ್ಯಾದರಿಂಗ್’ ಅಂತಲೇ ಹೆಸರು. ಬಾಡಿಗೆ ಡ್ರೆಸ್ಸು, ಎದೆ ನಡುಗಿಸುವ ಸೌಂಡು, ಮೊಬೈಲ್ ಎತ್ತಿ ಹಿಡಿದು ಹಿಂದಿನವರಿಗೆ ಅಡ್ಡ ನಿಂತ ಅಪ್ಪಂದಿರು. ಅದನ್ನೇ ನೋಡಿ ಶಾಲೆಯನ್ನು ಅಳೆಯುವವರು ಜಾಸ್ತಿ. ನನ್ನ ಲೆಕ್ಕದಲ್ಲಿ ಸರಕು ಇರುವುದು ಶನಿವಾರ, ಅರ್ಧ ದಿನದ ಗಂಟೆ ಹೊಡೆದ ಮೇಲೆ ಮಕ್ಕಳ ಬಳಗಗಳು ಸೇರುವಾಗ.

ಈ ಸೀಮೆಯಲ್ಲಿ ಯಾರು ನಡೆಸಿದರೂ ಇಂಗ್ಲಿಷ್ ಮೀಡಿಯಂ ಶಾಲೆ ‘ಕಾನ್ವೆಂಟೇ’. ಆ ಮಾತು ಹುಟ್ಟಿದ್ದು ಸಿಸ್ಟರ್‌ಗಳ ಮಠದಿಂದ. ದಾವಣಗೆರೆ ಪಿ.ಜೆ. ಬಡಾವಣೆಯ ಸಂತ ಪೌಲರ ಶಾಲೆ, ಹರಿಹರದ ಮರಿಯಾ ನಿವಾಸ ಶಾಲೆ ಆ ಮೂಲ ಅರ್ಥಕ್ಕೆ ಹತ್ತಿರದವು. ಇಂಥ ಶಾಲೆಗಳ ಬೆಂಚಿನಲ್ಲಿ ಕೆಥೋಲಿಕ್ ಮಕ್ಕಳು ಕಡಿಮೆಯೇ. ಅವರು ಧರ್ಮೋಪದೇಶಕ್ಕೆ ಎದ್ದು ಹೋದರೆ, ಉಳಿದವರಿಗೆ ‘ಮಾರಲ್ ಸೈನ್ಸ್’. ಶಾಲೆಯ ಬಣ್ಣಬಣ್ಣದ ಹೌಸ್‌ಗಳಲ್ಲಿ ಮಾತ್ರ ಎಲ್ಲರೂ ಒಂದೇ ಸಾಲು.

ಕೆಥೋಲಿಕ್ ಶಾಲೆಗಳಿಗೇ ವಿಶೇಷವಾದ ಒಂದು ಬಳಗವುಂಟು: ವೈ.ಸಿ.ಎಸ್., ಅಂದರೆ ಯಂಗ್ ಕೆಥೋಲಿಕ್ ಸ್ಟೂಡೆಂಟ್ಸ್. ಬೇರೆ ಧರ್ಮದ ಮಕ್ಕಳಿಗೆ ಅದರದೇ ಜೋಡಿ ವೈ.ಎಸ್.ಎಂ., ಯಂಗ್ ಸ್ಟೂಡೆಂಟ್ಸ್ ಮೂವ್‌ಮೆಂಟ್. ಎರಡರ ಬೇರೂ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರಲ್ಲಿದೆ. ಅವರು 1925ರ ಹೊತ್ತಿಗೆ ಕಟ್ಟಿದ್ದು ಕಾರ್ಖಾನೆ ಹುಡುಗ ಹುಡುಗಿಯರ ಸಂಘಟನೆ. ಅದೇ ದಾರಿ ಆಮೇಲೆ ಶಾಲೆಗೂ ಬಂತು. ಮೂರೇ ಹೆಜ್ಜೆ: ನೋಡು, ತೂಗು, ಮಾಡು. ನಲ್ಲಿ ಸೋರುತ್ತಿದೆ, ಯಾಕೆ, ಯಾರು ಹೋಗಿ ಹೇಳುವುದು? ಹತ್ತಿಗಿರಣಿಗಳ ದಾವಣಗೆರೆಗೂ, 1941ರಿಂದ ಲೇತ್ ಯಂತ್ರ ಮಾಡಿದ ಮೈಸೂರು ಕಿರ್ಲೋಸ್ಕರ್‌ನ ಹರಿಹರಕ್ಕೂ ಈ ಕಾರ್ಮಿಕರ ಪಾದ್ರಿ ಪರಕೀಯರೇನಲ್ಲ. ಗಿರಣಿಯ ಸೈರನ್ನು ನಿಂತು ಹೋಯಿತು, ಆ ಮಾತು ಬೇರೆ.

ಇನ್ನು ಸ್ಕೌಟು. ಕೈಗೊಂದೊಂದು ಮೊಳ ಹಗ್ಗ. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎಳೆದರೆ ಚಪ್ಪಟೆಯಾಗಿ ಕೂರುವುದು ರೀಫ್ ಗಂಟು. ಎರಡೂ ಸಲ ಒಂದೇ ಕಡೆಯಿಂದ ಸುತ್ತಿದರೆ ಗಂಟು ಸೊಟ್ಟಗಾಗಿ ಜಾರುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಪಕ್ಕದವಳ ಹಗ್ಗ ಕಿತ್ತುಕೊಂಡು, ‘ಹಂಗಲ್ಲಲೇ, ತಾ ಇಲ್ಲಿ’ ಅನ್ನುವುದು ಇಲ್ಲೇ. ಸಿಸ್ಟರ್ ಕೇಳಿಸಿದರೂ ಕೇಳಿಸದಂತೆ ಸೀಟಿ ಒರೆಸುತ್ತಿರುತ್ತಾರೆ.

ಪ್ರತಿಭಾ ಕಾರಂಜಿ ಬಂದರೆ ಗುಂಪುಗಳೆಲ್ಲ ಕಲಸಿ ಹೋಗುತ್ತವೆ. ಸರ್ಕಾರ ಶುರು ಮಾಡಿದ ಈ ಸ್ಪರ್ಧೆಯಲ್ಲಿ ಕಂಠಪಾಠ, ಆಶುಭಾಷಣ, ಛದ್ಮವೇಷದ ಜೊತೆ ಸಂಸ್ಕೃತ ಪಠಣ, ಅರೇಬಿಕ್ ಪಠಣ, ಕವ್ವಾಲಿ ಎಲ್ಲವೂ ಇವೆ. ಶಿಲುಬೆ ತೂಗಿದ ಗೋಡೆಯ ಕೆಳಗೆ ಶ್ಲೋಕದ ಉಚ್ಚಾರ ತಿದ್ದುವುದು, ಪಕ್ಕದ ಕೋಣೆಯಲ್ಲಿ ಕವ್ವಾಲಿಯ ಚಪ್ಪಾಳೆ ಕೂಡಿಸುವುದು ಯಾರಿಗೂ ವಿಚಿತ್ರವೆನಿಸದು. ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ಕಂಡ ಊರಿದು. ವೇಷವೆಂದರೆ ಮನೆಯವರಿಗೂ ಉಮೇದು. ಅಜ್ಜಿಯ ಇಳಕಲ್ ಸೀರೆ ಕಿತ್ತೂರು ಚೆನ್ನಮ್ಮನಾಗಿ ಹೋಗಿ, ಅಂಚಿಗೆ ಗೋಂದು ಮೆತ್ತಿಕೊಂಡು ವಾಪಸಾಗುತ್ತದೆ.

ಈಗ ಶನಿವಾರ ಮಧ್ಯಾಹ್ನವನ್ನು ಟ್ಯೂಷನ್ನು ಕಚ್ಚುತ್ತಿದೆ. ಎಸ್ಸೆಸ್ಸೆಲ್ಸಿ ವರ್ಷವಂತೂ ಮನೆಯವರು ಒಂದೂವರೆಗೇ ಗೇಟಿನ ಹತ್ತಿರ ಬೈಕ್ ಹಚ್ಚಿಕೊಂಡು ನಿಂತಿರುತ್ತಾರೆ. ಒಳಗಿನಿಂದ ಹುಡುಗಿ ಐದು ಬೆರಳು ತೋರಿಸುತ್ತಾಳೆ: ಇನ್ನೈದು ನಿಮಿಷ. ಚಪ್ಪಾಳೆ ಇನ್ನೂ ಕೂಡಿಲ್ಲ.